ಚಳ್ಳಕೆರೆಯಲ್ಲಿ ಅರಬ್ಬಿ ಅಲಂಕಾರ

ಚಳ್ಳಕೆರೆಯ ರೈತರ ಮನೆಯವನೊಬ್ಬ ಅರಬ್ಬಿ ಕಲಿಯಲು ಹೊರಟರೆ ವಾರಕ್ಕೊಂದಾದರೂ ಪ್ರಸಂಗ ನಡೆಯದೆ ಇರುವುದಿಲ್ಲ. ಮುಂದೆ ನಾನು ಕಾಲೇಜಿನಲ್ಲಿ ಆ ಭಾಷೆಯ ಅಲಂಕಾರಶಾಸ್ತ್ರ ಕಲಿಸುವ ಪಂಡಿತನಾದೆ. ಆದರೆ ಈ ಪ್ರಸಂಗಗಳು, ಈ ಶತಮಾನದ ಮೊದಲ ವರ್ಷಗಳಲ್ಲಿ ಮೊಳಕಾಲ್ಮುರಿನ ಮೌಲ್ವಿ ಸಾಹೇಬರ ಜಗುಲಿಯಲ್ಲಿ ಕೂತು ಓದುತ್ತಿದ್ದ ಕಾಲದವು.

೧. ಒತ್ತಿ ಹೇಳುವ ಕ್ರಮ

ಮೌಲ್ವಿ ಸಾಹೇಬರು ಒಂದು ಪಾಠ ಹೇಳಿದರು. ಕೇಳುವವನಿಗೆ ವಿಷಯ ಗೊತ್ತಿಲ್ಲದಿದ್ದರೆ ಸುಮ್ಮನೆ ಹೇಳು. ಅನುಮಾನಿಸಿದರೆ ಒತ್ತಿ ಹೇಳು. ಒಪ್ಪುವುದೇ ಇಲ್ಲ ಎನ್ನುವವನಾದರೆ ಆಣೆ ಇಟ್ಟು ಹೇಳು. ಎಂಥ ಸೂಕ್ಷ್ಮ ಎಂದು ಬೆರಗಾಗಿ, ಊರಿಗೆ ಬಂದ ಮೇಲೆ ಊಟಕ್ಕೆ ಕೂತಾಗ ಅವ್ವನಿಗೆ ವಿವರಿಸಿದೆ.

ಅವ್ವ ಸಾರು ಬಿಡುತ್ತಾ ಹೇಳಿದಳು: "ಮುದ್ದೆ ಆಗೈತೆ ಅಂದೆ, ನೀನು ಏಳ್ಲಿಲ್ಲ. ಆಗೇ ಐತೆ ಕಣಪ್ಪ ಅಂದೆ, ಪುಸ್ತಕ ಬಿಡ್ಲಿಲ್ಲ. ಮಾರಮ್ಮನಾಣೆ, ಈಗ ಬರದಿದ್ರೆ ಎಮ್ಮೆಗೆ ಹಾಕ್ತೀನಿ ಅಂದೆ, ಬಂದೆ. ಇದನ್ನ ಕಲಿಯಾಕೆ ಮೊಳಕಾಲ್ಮುರಿಗೆ ಹೋಗ್ಬೇಕಿತ್ತಾ?"

೨. ಗಬ್ಬದ ಒಂಟೆ

ಖುರಾನಿನ ಒಂದು ಪದ ನನ್ನನ್ನು ಕಾಡಿತು. ತುಂಬು ಗಬ್ಬದ ಒಂಟೆಗಳು ಎಂದು ಅದರ ಅರ್ಥ. ಲೋಕದ ಕೊನೆಯ ದಿನ ಅವನ್ನು ಕೇಳುವವರೇ ಇರುವುದಿಲ್ಲವಂತೆ. ಅಷ್ಟು ದೊಡ್ಡ ದಿನಕ್ಕೆ ಒಂಟೆಯ ಮಾತೇಕೆ? ಮೂರು ವ್ಯಾಖ್ಯಾನ ತಿರುವಿ ಹಾಕಿದರೂ ಮನಸ್ಸಿಗೆ ಹತ್ತಲಿಲ್ಲ. ಉಳ್ಳಾರ್ತಿ ಕಾವಲಿನಲ್ಲಿ ದನ ಕಾಯುವ ಹಿರಿಯರೊಬ್ಬರು ಸಿಕ್ಕಾಗ, ಮೂರು ಪುಸ್ತಕ ನೋಡಿದ್ದನ್ನೂ ಹೇಳಿ ಅವರನ್ನೇ ಕೇಳಿದೆ.

ಅವರು ಕೋಲಿಗೆ ಗಲ್ಲ ಊರಿ ನಿಂತರು. "ಇವತ್ತೋ ನಾಳೆಯೋ ಈಯೋ ದನಾನ ಕಾಯೋನೇ ಬಿಟ್ಟು ಓಡ್ದ ಅಂದ್ರೆ ಇನ್ನೇನು ಉಳಿದೈತೆ ಸ್ವಾಮಿ? ಲೋಕ ಮುಳುಗ್ತು ಅಂತಾನೇ."

ಆ ಮಾತನ್ನು ಬರೆದುಕೊಳ್ಳಲು ಕಾಗದ ತೆಗೆದೆ. ಅವರು ಹತ್ತಿರ ಬಂದು, "ಅದಿರ್ಲಿ, ಆ ಒಂಟೆ ಹೊತ್ತಿಗೆ ಎಷ್ಟು ಹಾಲು ಕೊಡ್ತೈತೆ? ಮೂರು ಪುಸ್ತಕದಾಗೂ ಬರೆದಿಲ್ವಾ?" ಎಂದು ಕೇಳಿದರು.

೩. ಬೂದಿ

ಇದು ನನ್ನ ಮದುವೆಯ ಮಾತು. ಅರಬ್ಬಿಯಲ್ಲಿ ಧಾರಾಳಿಯನ್ನು ನೇರವಾಗಿ ಹೊಗಳದೆ 'ಅವನ ಮನೆಯಲ್ಲಿ ಬೂದಿ ಬಹಳ' ಎನ್ನುವುದುಂಟು. ಬಂದವರಿಗೆಲ್ಲ ಅಡಿಗೆ ಮಾಡಿ ಮಾಡಿ ಒಲೆ ಆರುವುದೇ ಇಲ್ಲ ಎಂದು ಭಾವ. 'ಅವನ ನಾಯಿ ಹೇಡಿ' ಎಂದರೆ, ನೆಂಟರನ್ನು ಕಂಡು ಕಂಡು ಅದು ಬೊಗಳುವುದನ್ನೇ ಬಿಟ್ಟಿದೆ ಎಂದು.

ಗೌರಸಮುದ್ರಕ್ಕೆ ಹೆಣ್ಣು ನೋಡಲು ಹೋದೆವು. ಹುಡುಗಿ ಬಂದು ನೀರು ಕೊಟ್ಟು ಹೋದಳು, ನನಗೆ ಒಪ್ಪಿಗೆಯಾಯಿತು. ಹುಡುಗಿಯ ಅಪ್ಪ ಹೊಟ್ಟೆ ತುಂಬ ಹೋಳಿಗೆ ಬಡಿಸಿ, "ಬಾಳ ಓದೀರಂತೆ. ಒಂದೆರಡು ಮಾತು ಹೇಳ್ರಿ," ಎಂದರು.

ಅವರನ್ನು ಮೆಚ್ಚಿಸಬೇಕೆಂದು ನಾನು ಎದ್ದು ನಿಂತು, "ನಿಮ್ಮ ಮನೇಲಿ ಬೂದಿ ಬಹಳ. ನಿಮ್ಮ ನಾಯಿ ಹೇಡಿ," ಎಂದೆ.

ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹುಡುಗಿಯ ಅಪ್ಪ ಹೊರಗೆ ತಿರುಗಿ, "ಲೇ, ಇವರ ಗಾಡಿ ಹೊರಡಿಸ್ರೋ," ಎಂದರು. ನಾನು ಅರ್ಥ ಬಿಡಿಸಲು ಹೋಗಿ ತೊದಲಿದೆ, ಯಾರೂ ಕೇಳಲಿಲ್ಲ.

ಅಷ್ಟರಲ್ಲಿ ಹುಡುಗಿಯ ಅಜ್ಜಿ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು.

"ಕೂತ್ಕೊಳ್ಳೋ," ಎಂದರು ಮಗನಿಗೆ. "ಈ ಮನೆಗೆ ಬಂದಾಗಿನಿಂದ ಒಲೆ ಬೂದಿ ಬಾಚ್ತಾ ಇದೀನಿ. ನಿಮ್ಮಪ್ಪ ಒಂದಿನ ನೋಡ್ಲಿಲ್ಲ, ನೀನೂ ನೋಡ್ಲಿಲ್ಲ. ಬಂದ ಗಳಿಗೇಲೇ ಕಂಡೋನು ಇವನೊಬ್ನೇ. ಹುಡುಗೀನ ಇವನಿಗೇ ಕೊಡು. ನಾಯಿ ಮಾತು ಆಮೇಲೆ ನೋಡಿಕೊಳ್ಳಾನ."