ಕೈ ಇಳಿಸದ ಚಿಕ್ಕಪ್ಪ

ನಮ್ಮ ಬೀದಿಯ ಕಸದ ಗಾಡಿಯವಳನ್ನು ಕೊರೊನಾಕ್ಕಿಂತ ಹೆಚ್ಚು ಹೆದರಿಸಿದವರು ಯಾರೆಂದು ಕೇಳಿದರೆ ನಾನು ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ, ನನ್ನ ಚಿಕ್ಕಪ್ಪ!

ಧಾರವಾಡದಲ್ಲಿ ಹುಟ್ಟಿದ ಇವರು ಕೆರೆ ಬಿಟ್ಟರೆ ಬೇರೆ ನೀರು ನೋಡದೆ ನೌಕಾಪಡೆ ಸೇರಿದವರು. ವಿಶಾಖಪಟ್ಟಣಕ್ಕೆ ಬಂದು, ಆಂಧ್ರದ ಮಂಗಳಗಿರಿಯ ಹುಡುಗಿಯನ್ನು ಮದುವೆಯಾಗಿ, ನಿವೃತ್ತರಾದ ಮೇಲೆ ಇಲ್ಲೇ ಲಂಗರು ಹಾಕಿದವರು. ಇಲ್ಲಿಯ ದ್ವಾರಕಾ ನಗರದ ಬ್ಯಾಂಕಿಗೆ ವರ್ಗವಾದಾಗ ನಾನು ಅವರ ಮನೆಯ ಮಹಡಿಗೆ ಬಂದೆ. ಮೊದಲಿನಿಂದಲೂ ಗೊತ್ತಿತ್ತು, ಅದು ಮನೆಯಲ್ಲ, ಹಡಗು. ಅಡುಗೆಮನೆಯಿಂದ ಉಪ್ಪಿಟ್ಟು ಹೊರಡುವುದಕ್ಕೂ ಸೀಟಿ ಊದಬೇಕು!

ಆ ಹಡಗಿನ ದೊಡ್ಡ ಕಾನೂನು ಇದು: ಸಣ್ಣವರು ಮೊದಲು ಸಲ್ಯೂಟ್ ಹೊಡೆಯಬೇಕು, ದೊಡ್ಡವರು ತಿರುಗಿ ಹೊಡೆಯುವವರೆಗೆ ಕೈ ಇಳಿಸಬಾರದು. ಚಿಕ್ಕಂದಿನಲ್ಲಿ ಬೇಸಿಗೆ ರಜೆಗೆ ಬಂದ ನಾವೆಲ್ಲ ಬೆಳಿಗ್ಗೆ ಹಾಲು ಕುಡಿಯುವ ಮೊದಲು ಅವರ ಕುರ್ಚಿಯ ಮುಂದೆ ಕೈ ಎತ್ತಿ ನಿಲ್ಲುತ್ತಿದ್ದೆವು. ಅವರು ಬೇಕೆಂದೇ ನಿಧಾನವಾಗಿ ಪೇಪರಿನ ಪುಟ ತಿರುವುತ್ತಿದ್ದರು. ಅವರ ಒಬ್ಬಳೇ ಮಗಳು "ಅಪ್ಪಾ, ಕೈ ನೋಯ್ತದ" ಎಂದರೆ ಇನ್ನೊಂದು ಪುಟ!

ಇಂಥವರು ಲಾಕ್‌ಡೌನ್ ಶುರುವಾದ ಮೇಲೆ ಒಂದು ಬೆಳಿಗ್ಗೆ ಗೇಟಿನ ಬಳಿ ಪ್ರತ್ಯಕ್ಷರಾದರು. ಲುಂಗಿ, ಬನಿಯನ್, ತಲೆಯ ಮೇಲೆ ನೌಕಾಪಡೆಯ ಬಿಳಿ ಟೋಪಿ, ಮುಖಕ್ಕೆ ಚಿಕ್ಕಮ್ಮ ಹಳೆಯ ಮಂಗಳಗಿರಿ ಸೀರೆ ಕತ್ತರಿಸಿ ಹೊಲಿದ ಜರಿ ಅಂಚಿನ ಮಾಸ್ಕು. ಈ ಅಲಂಕಾರದಲ್ಲಿ ಕಸದ ಗಾಡಿಯವಳಿಗೆ ಸಲ್ಯೂಟ್ ಹೊಡೆದರೆ ಆಕೆ ಬಕೆಟ್ ಬಿಟ್ಟು ಓಡದೆ ಇನ್ನೇನು ಮಾಡಿಯಾಳು? ಮರುದಿನ ದೂರದಲ್ಲೇ ನಿಂತು, ತನ್ನಿಂದೇನು ತಪ್ಪಾಯಿತೆಂದು ತೆಲುಗಿನಲ್ಲಿ ಕೇಳಿದಳು. ಚಿಕ್ಕಮ್ಮ ಸಮಾಧಾನ ಹೇಳಿ ಅವಳಿಗೂ ಒಂದು ಜರಿ ಮಾಸ್ಕು ಕೊಟ್ಟರು. ವಾರ ಕಳೆಯುವುದರೊಳಗೆ ಆಕೆ ಪೊರಕೆ ಹಿಡಿದ ಕೈಯಲ್ಲೇ ಗತ್ತಿನಿಂದ ತಿರುಗಿ ಸಲ್ಯೂಟ್ ಹೊಡೆಯತೊಡಗಿದ್ದಳು.

ಇಷ್ಟು ವಯಸ್ಸಾದ ನೀವೇ ಮೊದಲು ಹೊಡೆಯುವುದೇ ಎಂದು ನಾನು ಕೇಳಿದೆ.

"ಈಗ ಲೆಕ್ಕಾ ಬದಲಾಗೇದ, ತಮ್ಮಾ" ಎಂದರು. "ಹೊರಗ ಹೋಗಿ ದುಡಿಯೋವ್ರು ದೊಡ್ಡಾವ್ರು. ಮನ್ಯಾಗ ಕುಂತ ನಾ ಸಣ್ಣಾಂವ."

ಹಾಗಾದರೆ ದಿನಾ ಬ್ಯಾಂಕಿಗೆ ಹೋಗುವ ನನಗೇಕಿಲ್ಲ? ಫ್ಯಾನಿನ ಕೆಳಗಿನ ಕೆಲಸಕ್ಕೆ ಇಷ್ಟು ಸಾಕೆಂದು ಒಂದು ಬೆರಳು ಎತ್ತಿದರು!

ಎದುರುಮನೆಯ ನಾವಿಕ, ಹೊರದೇಶದಲ್ಲಿ ಸಿಕ್ಕಿಬಿದ್ದವರನ್ನು ಕರೆತರುವ ಹಡಗಿನ ಡ್ಯೂಟಿಗೆ ಹೊರಟ ದಿನವಂತೂ ಪೇಚಾಟವೇ ಆಯಿತು. ಚಿಕ್ಕಪ್ಪ ಕೈ ಎತ್ತಿದರು. ಇವರು ಹಿರಿಯರೆಂದು ಆತನೂ ಎತ್ತಿದ. ಇಬ್ಬರೂ ತಾವೇ ಸಣ್ಣವರೆಂದು ಹಟ ಹಿಡಿದರೆ ಮೊದಲು ಕೈ ಇಳಿಸುವವರು ಯಾರು? ಬೀದಿಯ ಆಚೆ ಒಬ್ಬ, ಈಚೆ ಒಬ್ಬರು, ನಡುವೆ ಕರೆದೊಯ್ಯಲು ಬಂದ ಗಾಡಿಯ ಹಾರ್ನ್. ಕೊನೆಗೆ ಚಿಕ್ಕಮ್ಮ ಹೊರಬಂದು, ಗಂಡನನ್ನು ತೆಲುಗಿನಲ್ಲೇ ಕರೆದು, "ಏವಂಡಿ, ಇಬ್ಬರೂ ಕೂಡಿ ಇಳಸ್ರಿ, ಹಡಗು ಕಾಯೂದಿಲ್ಲ" ಎಂದರು. ಅಡ್ಮಿರಲ್ ಯಾರೆಂದು ಅಂದು ಬೀದಿಗೆಲ್ಲ ತಿಳಿಯಿತು.

ಮಗಳ ಮಾತನ್ನು ಮಾತ್ರ ಚಿಕ್ಕಪ್ಪ ಎತ್ತುತ್ತಿರಲಿಲ್ಲ. ಅವಳು ವಿಜಯವಾಡದ ಒಂದು ಆಸ್ಪತ್ರೆಯಲ್ಲಿ ನರ್ಸ್, ಕೊರೊನಾ ವಾರ್ಡಿನಲ್ಲೇ ಡ್ಯೂಟಿ. ಮನೆಗೆ ಬಂದು ತಿಂಗಳುಗಳೇ ಆಗಿದ್ದವು. ಅವಳ ಫೋನು ಬಂದರೆ ಚಿಕ್ಕಮ್ಮನ ಕೈಗೆ ಕೊಟ್ಟು, ತಾವು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದರು. ಸಮುದ್ರಕ್ಕೆ ಹೆದರದವರು ಫೋನಿಗೆ ಹೆದರುವುದನ್ನು ನೋಡಿ ನನಗೆ ನಗು ಬರಲಿಲ್ಲ.

ಒಂದು ಮಧ್ಯಾಹ್ನ, ಔಷಧ ಒಯ್ಯಲು ಬಂದ ಆಸ್ಪತ್ರೆಯ ಗಾಡಿಯಲ್ಲಿ ಅವಳೂ ಬಂದಳು. ಒಳಗೆ ಕಾಲಿಡಲಿಲ್ಲ. ತನ್ನಿಂದ ಅಪ್ಪ ಅಮ್ಮನಿಗೆ ಅಂಟಿದರೆ ಎಂಬ ಭಯಕ್ಕೆ ಗೇಟಿನಾಚೆ, ರಸ್ತೆಯಲ್ಲೇ ನಿಂತಳು. ಬಹಳ ಸೊರಗಿದ್ದಳು. ಚಿಕ್ಕಮ್ಮ ಪುಳಿಹೋರ ಎಂಬ ಹುಳಿಯನ್ನದ ಡಬ್ಬಿಯನ್ನು ಕಾಂಪೌಂಡಿನ ಮೇಲಿಟ್ಟು ಹಿಂದೆ ಸರಿದರು. ಚಿಕ್ಕಪ್ಪ ಒಳಗೆ ಹೋದರು.

ಹೊರಬಂದಾಗ ತಲೆಯ ಮೇಲೆ ಬಿಳಿ ಟೋಪಿ ಇತ್ತು. ಬಿಸಿಲಿನಲ್ಲಿ ನೆಟ್ಟಗೆ ನಿಂತು ಮಗಳಿಗೆ ಸಲ್ಯೂಟ್ ಹೊಡೆದರು. ಮೊದಲು ಅವರೇ!

ಅವಳು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಅತ್ತಳು. ಚಿಕ್ಕಪ್ಪ ಎತ್ತಿದ ಕೈ ಇಳಿಸಲಿಲ್ಲ. ಇಂಥ ಅಪ್ಪ, ಇಂಥ ಮಗಳು ನಮ್ಮವರೆಂದು ನನಗೆ ಹೆಮ್ಮೆಯಾಯಿತು.

"ಅಪ್ಪಾ, ಸಾಕು. ಕೈ ನೋಯ್ತದ" ಎಂದಳು.

"ನೋಯ್ಲಿ ಬಿಡ್ರಿ" ಎಂದರು ಚಿಕ್ಕಪ್ಪ. "ನೀವು ದೊಡ್ಡಾವ್ರು. ಸಾವಕಾಶ ಹೊಡೀರಿ."

ಅವಳು ಕಣ್ಣೊರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೈ ಎತ್ತಿದಳು. ಆಮೇಲೆಯೇ ಚಿಕ್ಕಪ್ಪ ಕೈ ಇಳಿಸಿದ್ದು.