ಮಾವನ ಬೈಕಿನ ಹಿತ್ತಾಳೆ ಗುಂಡಿ

ನಮ್ಮ ಮಾವನ ಬೈಕು ಬೀದಿಯ ತಿರುವಿನಲ್ಲಿ ಕಂಡಾಗ ಸೂಜಿಗೆ ದಾರ ಪೋಣಿಸಿದರೆ, ಅದು ಮನೆ ಮುಟ್ಟುವಷ್ಟರಲ್ಲಿ ಒಂದು ಅಂಗಿ ಹೊಲಿದು ಮಡಚಿಡಬಹುದು ಎಂದು ಎದುರುಮನೆಯ ದರ್ಜಿ ಹೇಳುತ್ತಿದ್ದ. ಪಕ್ಕದ ಮನೆಯಾಕೆಯಂತೂ, "ಇರುವೆ ಸಾಲು ಬಂದ್ರೆ ಅವರು ಬದಿಗೆ ಸರಿದು ದಾರಿ ಬಿಡ್ತಾರೆ" ಎನ್ನುತ್ತಿದ್ದಳು. ಮಾವ ತೀರಿಕೊಂಡ ಮೇಲೆ ಆ ಪುಟ್ಟ ಹಳೇ ಬೈಕು ನನ್ನ ಕೈಗೆ ಬಂತು. ಅಪಕೀರ್ತಿಯೂ ಹಿಂದಿನ ಸೀಟಿನಲ್ಲಿ ಕೂತುಕೊಂಡೇ ಬಂತು!

ಒಂದು ದಿನ ಹಾಲಿನವನ ಸೈಕಲ್ಲು ನನ್ನನ್ನು ಹಿಂದೆ ಹಾಕಿತು. ಕ್ಯಾನಿನ ಹಾಲು ತುಳುಕಲೂ ಇಲ್ಲ! ಮನೆಗೆ ಬಂದವನೇ ಅಂಗಳದಲ್ಲಿ ನಿಂತು ಘೋಷಿಸಿದೆ: "ಈ ಬೈಕನ್ನ ಬಾಣ ಮಾಡ್ತೀನಿ, ನೋಡ್ತಿರು!"

"ಬಿಟ್ಟ ಬಾಣ ವಾಪಸ್ ಬರಲ್ಲ ರೀ" ಎಂದಳು ಹೆಂಡತಿ. "ಅಪ್ಪನದು ಅಂತ ನನಗೆ ಉಳಿದಿರೋದು ಅದೊಂದೇ. ಅದರ ಸದ್ದು ಕೇಳಿದ್ರೆ ಅಪ್ಪ ಮನೆಗೆ ಬಂದ ಹಾಗಾಗುತ್ತೆ. ಅದನ್ನ ಕಳೆದ್ರೋ, ಅಷ್ಟೇ!"

ಮಹಾವೀರರಿಗೆ ಇಂಥ ಮಾತು ಕೇಳಿಸುವುದಿಲ್ಲ. ಹಿಂದಿನ ಚಕ್ರದಲ್ಲಿ ಚೈನು ಓಡುವ ದೊಡ್ಡ ಸ್ಪ್ರಾಕೆಟ್ ಕಿತ್ತು ಚಿಕ್ಕದನ್ನು ಕೂರಿಸಿದೆ. ಸೈಲೆನ್ಸರಿನ ಮಸಿ ಕೆರೆದೆ. ಕೊನೆಗೆ ಕಾರ್ಬೊರೇಟರಿನ ಮುಚ್ಚಳ ತಿರುಚಿದರೆ, ಎಕ್ಸಿಲರೇಟರ್ ತಂತಿಗೆ ಪೋಣಿಸಿದ್ದ ಒಂದು ಹಿತ್ತಾಳೆ ಗುಂಡಿ! ಎಷ್ಟೇ ತಿರುವಿದರೂ ಪೆಟ್ರೋಲಿನ ದಾರಿ ಪೂರ್ತಿ ತೆರೆಯದಂತೆ ಅದು ಅಡ್ಡ ಕೂತಿತ್ತು.

ಹೆಂಡತಿ ಬಗ್ಗಿ ನೋಡಿದಳು. "ಅದು ನನ್ನ ಕೋಟಿನ ಗುಂಡಿ! ಚಿಕ್ಕವಳಿದ್ದಾಗ ಹಿಂದೆ ಕೂತು, ಅಪ್ಪಾ ನಿಧಾನ ಅಂತ ಅತ್ತಿದ್ದೆ. ಅವತ್ತೇ ಕಿತ್ತು ಅಲ್ಲಿ ಹಾಕಿದ್ರು. ವಾಪಸ್ ಹಾಕಿ ರೀ."

"ಈಗ ನೀನು ಅಳಲ್ಲವಲ್ಲ!" ಎಂದು ಗುಂಡಿಯನ್ನು ಜೇಬಿಗೆ ಇಳಿಸಿ, ಬೈಕು ಹತ್ತಿದೆ.

ಆಹಾ! ಜನ್ಮವಿಡೀ ಮಲಗಿದ್ದ ಸ್ಪೀಡಿನ ಮುಳ್ಳು ಎದ್ದು ಕುಣಿಯಿತು. ಬೇಲಿಗಳು ಹಿಂದಕ್ಕೆ ಓಡಿದವು. ಹಾಲಿನವನು ಚುಕ್ಕಿಯಾದ. ಗೆದ್ದೆ ಎಂದು ಕೂಗಲು ಬಾಯಿ ತೆರೆದೆ. ಆಗ ಕಿವಿಯ ಹಿಂದೆಯೇ ಯಾರೋ ಗಂಟಲು ಸರಿಮಾಡಿಕೊಂಡರು.

"ಹ್ಞೂಂ."

ಮೊಣಕಾಲು ನೋವಿನ ಮುಲಾಮಿನ ವಾಸನೆ. ಭುಜದ ಮೇಲೆ ತಣ್ಣನೆಯ ಭಾರ. ಕನ್ನಡಿಯಲ್ಲಿ ನೋಡಿದೆ: ಹಿಂದಿನ ಸೀಟು ಖಾಲಿ. ಆದರೆ ಯಾರೋ ಕೂತಂತೆ ನಡುವೆ ತಗ್ಗಾಗಿತ್ತು! ಎಕ್ಸಿಲರೇಟರನ್ನು ಕೈ ನೋಯುವಷ್ಟು ತಿರುವಿದೆ. ಬೈಕು ಮಾತ್ರ ಮೆಲ್ಲಗೆ, ಇನ್ನೂ ಮೆಲ್ಲಗೆ, ನಡೆಯುವ ವೇಗಕ್ಕೆ ಇಳಿಯಿತು. ಹಾಲಿನವನು ಮತ್ತೆ ನನ್ನನ್ನು ದಾಟಿಹೋದ. ಈ ಸಲ ಸಿಳ್ಳೆ ಹಾಕುತ್ತ!

"ಏನ್ ಅಳಿಯಂದಿರೇ, ಬಾಣಕ್ಕೆ ನಿದ್ದೆ ಬಂತಾ?" ಮನೆಗೆ ಹಿಂದಿರುಗುವಾಗ ದರ್ಜಿ ಕಿಚಾಯಿಸಿದ. ಅವನತ್ತ ತಿರುಗದೆ ಗೇಟಿನೊಳಗೆ ಹೊಕ್ಕೆ.

ಅಂಗಳದಲ್ಲಿ ಸ್ಟ್ಯಾಂಡ್ ಹಾಕಿ, ಬೀಗದ ಕೈ ಕಿತ್ತು, ನಾಲ್ಕು ಹೆಜ್ಜೆ ದೂರ ನಿಂತೆ. ಹೆಂಡತಿ ಹೊರಗೆ ಬಂದು ಮೂಗರಳಿಸಿದಳು.

"ಅಪ್ಪನ ಮುಲಾಮು ಹಚ್ಕೊಂಡಿದ್ದೀರಾ?"

"ಇ... ಇಲ್ಲ."

ಬೈಕು ತಾನಾಗಿ ಚಾಲೂ ಆಯಿತು. ಕೀಲಿ ನನ್ನ ಮುಷ್ಟಿಯಲ್ಲೇ ಇತ್ತು! ಸ್ಟ್ಯಾಂಡ್ ಟಪ್ಪನೆ ಮಡಚಿಕೊಂಡಿತು. ಹ್ಯಾಂಡಲ್ ಗೇಟಿನ ಕಡೆ ತಿರುಗಿತು. ಯಾರೂ ಇಲ್ಲದ ಬೈಕು, ಅತ್ತಿತ್ತ ವಾಲದೆ, ಬೀದಿಗಿಳಿಯಿತು.

"ಹಿಡೀರಿ!" ಎಂದಳು ಹೆಂಡತಿ.

ಓಡಿದೆ. ಎದ್ದೆನೋ ಬಿದ್ದೆನೋ ಎಂದು ಓಡಿದೆ. ಅದು ನಡೆಯುತ್ತಿತ್ತು, ನಾನು ಓಡುತ್ತಿದ್ದೆ; ನಡುವಿನ ದೂರ ಒಂದು ಗೇಣೂ ಕಡಿಮೆಯಾಗಲಿಲ್ಲ! ಕೊನೆಗೆ ಪಕ್ಕೆ ಹಿಡಿದುಕೊಂಡು ಕುಸಿದೆ. ಗುಂಡಿ ನೆನಪಾಗಿ ಜೇಬಿಗೆ ಕೈ ಹಾಕಿದೆ. ಜೇಬು ಖಾಲಿ.

ಹೆಂಡತಿ ಬಂದು ಪಕ್ಕದಲ್ಲಿ ನಿಂತಳು. ಖಾಲಿ ಜೇಬು ನೋಡಿದಳು. ಅಳುತ್ತಾಳೆಂದುಕೊಂಡೆ. ಅವಳು ಕೈಯೆತ್ತಿ ಬೀಸಿದಳು.

"ಅಪ್ಪಾ, ನಿಧಾನ!"

ತಿರುವಿನಲ್ಲಿ ಬೈಕು ನಿಂತಿತು. ಇರುವೆ ಸಾಲಿಗೆ ದಾರಿ ಬಿಟ್ಟಿರಬೇಕು. ಮೆಲ್ಲಗೆ ಒಮ್ಮೆ ಹಾರ್ನ್ ಮಾಡಿ, ಮರೆಯಾಯಿತು.

ಬೆನ್ನ ಹಿಂದೆ ದರ್ಜಿ ಹೊಲಿದು ಮುಗಿಸಿದ ಅಂಗಿಯನ್ನು ಮಡಚುತ್ತಿದ್ದ.