ಡಿಫೆಂಡರುಗಳಿಗೆ ಹೋಳಿಗೆ ಊಟ

ಆಶ್ರಿತಾಳ ಬಿಳಿ ಗ್ಲೌಸಿಗೆ ಒಂದು ಚೂರೂ ಮಣ್ಣಾಗದಿದ್ದದ್ದೇ ಅವತ್ತಿನ ರಾದ್ಧಾಂತಕ್ಕೆಲ್ಲ ಮೂಲ.

ಸ್ಯಾನ್ ಡಿಯಾಗೊದ ಆ ಸಾಕರ್ ಟೂರ್ನಮೆಂಟಿಗೆ ಕಾಲೇಜು ಕೋಚ್‌ಗಳು ತಮ್ಮ ತಂಡಕ್ಕೆ ಹುಡುಗಿಯರನ್ನು ಆರಿಸಲು ಬರುತ್ತಾರೆ. ಹನ್ನೊಂದನೇ ಕ್ಲಾಸಿನ ಆಶ್ರಿತಾ ಗೋಲ್‌ಕೀಪರ್. ಅರವತ್ತೆರಡು ಕೋಚ್‌ಗಳಿಗೆ ಈಮೇಲ್ ಬರೆದಿದ್ದಳು. ಐವತ್ತು ಮಂದಿ ಸುಮ್ಮನಿದ್ದರು, ಹನ್ನೊಂದು ಮಂದಿ ಫಾರ್ಮ್ ತುಂಬು ಅಂದರು, ಒಬ್ಬರೇ ಒಬ್ಬರು ಶನಿವಾರ ಬಂದು ನೋಡುತ್ತೇನೆ ಅಂದಿದ್ದರು. ಆ ಒಬ್ಬರು ಈಗ ಹಸಿರು ಟೋಪಿ ಹಾಕಿಕೊಂಡು, ಗೋಲಿನ ಹಿಂದೆ ಮಡಿಚುವ ಕುರ್ಚಿಯಲ್ಲಿ ನೋಟ್‌ಬುಕ್ ಹಿಡಿದು ಕೂತಿದ್ದರು.

ಬೆಳಗಿನ ಮ್ಯಾಚಿನಲ್ಲಿ ಆಶ್ರಿತಾಳ ತಂಡ ಆರು ಗೋಲು ಹೊಡೆಯಿತು. ಅವಳ ಮುಂದಿನ ನಾಲ್ವರು ಡಿಫೆಂಡರುಗಳು ಒಂದೇ ಒಂದು ಚೆಂಡನ್ನೂ ಹತ್ತಿರ ಬಿಡಲಿಲ್ಲ. ಪಾಪ ಹುಡುಗಿ, ಒಂದೂವರೆ ಗಂಟೆ ನಿಂತಲ್ಲೇ ಕೈ ಬೀಸಿ ಕೂಗಿದ್ದೇ ಬಂತು, ಗಿರಾಕಿಯೇ ಬಾರದ ಸೊಪ್ಪಿನವಳ ಹಾಗೆ.

ಎದುರಿನವರು ಒಂದು ಸಲ ನಡುಗೆರೆ ದಾಟಿದಾಗ ಅಮ್ಮ ನಮ್ರತಾ ತನಗೇ ತಿಳಿಯದೆ ಚಪ್ಪಾಳೆ ತಟ್ಟಿಬಿಟ್ಟಳು. ಉಳಿದ ಅಮ್ಮಂದಿರೆಲ್ಲ ಒಟ್ಟಿಗೆ ತಿರುಗಿ ನೋಡಿದರು.

ನಮ್ರತಾಳ ಊರಾದ ಟೊರೆನ್ಸಿನಲ್ಲಿ ಅವಳ ಪಕ್ಕದ ಮನೆಯ ರೇವಣಸಿದ್ದಪ್ಪನವರೂ ಆಟ ನೋಡಲು ಜೊತೆಗೆ ಬಂದಿದ್ದರು. ಟೆನ್ನಿಸ್ ಆಡಿ ಮಗನಿಗೆ ಕಾಲೇಜು ಸಿಕ್ಕಿದ ಮೇಲೆ ಅಪ್ಪನಿಗೆ ಎಲ್ಲ ಆಟವೂ ಬರುತ್ತಿತ್ತು.

"ತಂಗಿ, ಚೆಂಡು ಬರಲಿಲ್ಲಂದ್ರ ಆ ಟೋಪಿಯವರು ಏನ್ ನೋಡಬೇಕ್ರಿ? ಹುಡುಗಿ ಜಡಿ ಹೆಂಗ ಹಾಕ್ಕೊಂಡಾಳ ಅಂತ ಬರ್ಕೊಂಡು ಹೋಗ್ತಾರ!"

"ನಾನೇನ್ ಮಾಡ್ಲಿ ಅಣ್ಣ? ಆ ನಾಲ್ಕು ಹುಡುಗೀರು ಅಷ್ಟು ಚೆನ್ನಾಗಿ ಆಡ್ತಾರೆ."

"ಎರಡಕ್ಕ ಇನ್ನೊಂದ್ ಮ್ಯಾಚ್ ಐತಿ. ನಡುವ ಊಟ ಐತಿ." ರೇವಣಸಿದ್ದಪ್ಪನವರು ಕಾರಿನ ಡಿಕ್ಕಿಯ ಕಡೆ ಕಣ್ಣು ಹಾಯಿಸಿದರು. "ಅವರಿಗೆ ಹೊಟ್ಟಿ ತುಂಬ ಬಡಸ್ರಿ. ಮುಂದಿಂದು ತಾನ ಆಗ್ತೈತಿ."

"ಛೆ! ಮಕ್ಕಳಿಗೆ ಹಾಗೆ ಮಾಡೋದು ಪಾಪ ಅಲ್ವಾ?"

"ಊಟ ಹಾಕೂದು ಪಾಪ ಏನ್ರಿ?"

ಮಗಳು ಎರಡು ವರ್ಷ ಬೆಳಗಿನ ಜಾವಕ್ಕೇ ಎದ್ದು ಪ್ರಾಕ್ಟೀಸಿಗೆ ಓಡಿದ್ದು ನಮ್ರತಾಳ ಕಣ್ಣ ಮುಂದೆ ಬಂತು. ಡಿಕ್ಕಿ ತೆಗೆದಳು.

ದೊಡ್ಡ ಪಾತ್ರೆಯ ತುಂಬ ಅವಳೇ ಮಾಡಿದ ಬಿಸಿಬೇಳೆಬಾತು. ರೇವಣಸಿದ್ದಪ್ಪನವರ ಹೆಂಡತಿ ಚೆನ್ನಮ್ಮ ಕಟ್ಟಿ ಕಳಿಸಿದ ಮೂವತ್ತು ಹೋಳಿಗೆ, ಒಂದು ಬಾಟಲಿ ತುಪ್ಪ. ಆಶ್ರಿತಾಳಿಗೆ ಎರಡು ಬಾಳೆಹಣ್ಣು ಕೊಟ್ಟು ಕಾರಿನಲ್ಲಿ ಮಲಗಿಸಿ, ನಾಲ್ವರು ಡಿಫೆಂಡರುಗಳನ್ನು ಮರದ ನೆರಳಲ್ಲಿ ಸಾಲಾಗಿ ಕೂರಿಸಿದಳು.

ಸೌಟು ಹಿಡಿದ ಮೇಲೆ ಕೈ ತನ್ನ ಅಭ್ಯಾಸಕ್ಕೆ ತಾನು ನಡೆಯಿತು. ಎಮಿಲಿ ಎಂಬ ಎತ್ತರದ ಹುಡುಗಿ "ನೋ ಥ್ಯಾಂಕ್ಯೂ, ಆಂಟಿ" ಅಂದಳು. ನಮ್ಮಲ್ಲಿ ಮೊದಲ ಸಲ ಬೇಡವೆನ್ನುವುದು ಮರ್ಯಾದೆಗೆ, ಎರಡನೆಯ ಸಲ ನಾಚಿಕೆಗೆ. ಎಲೆಗೆ ಅಡ್ಡ ಬಗ್ಗಿ ಎರಡೂ ಕೈ ಚಾಚಿದರೆ ಮಾತ್ರ ಅದು ನಿಜವಾದ ಬೇಡ. ಇದನ್ನೆಲ್ಲ ಎಮಿಲಿಗೆ ಯಾರು ಕಲಿಸಿದ್ದಾರೆ? "ಜಸ್ಟ್ ಒನ್ ಕಣೇ, ಸ್ಮಾಲ್ ಒನ್" ಎನ್ನುತ್ತ ನಮ್ರತಾ ಅವಳ ತಟ್ಟೆಗೆ ಐದನೆಯ ಹೋಳಿಗೆ ಹಾಕಿ ತುಪ್ಪ ಸುರಿದಳು.

ಎರಡು ಗಂಟೆಗೆ ಆ ನಾಲ್ವರೂ ಮೈದಾನಕ್ಕೆ ಇಳಿದರು, ಮದುವೆ ಊಟ ಮುಗಿಸಿ ಚಾಪೆ ಹುಡುಕುವ ಬೀಗರ ಹಾಗೆ. ಎದುರಿನ ತಂಡ ಸಲೀಸಾಗಿ ನುಗ್ಗಿ ಬಂತು. ಎಮಿಲಿ ಅವರಿಗೆ ದಾರಿ ಬಿಟ್ಟುಕೊಟ್ಟು ಆಕಳಿಸಿದಳು. ಆಶ್ರಿತಾ ಗಂಟಲು ಹರಿಯುವ ಹಾಗೆ ಕೂಗಿದರೂ ಒಬ್ಬರೂ ಅಲುಗಲಿಲ್ಲ. ಅವಳೇ ಎಡಕ್ಕೆ ಹಾರಿದಳು, ಬಲಕ್ಕೆ ಬಿದ್ದಳು, ಕಾಲಲ್ಲಿ ಒದ್ದಳು, ಒಂದು ಚೆಂಡನ್ನು ಮೂಗಿನಿಂದಲೂ ತಡೆದಳು. ಒಂಬತ್ತು ಉಳಿಸಿದಳು, ಹತ್ತನೆಯದು ಒಳಗೆ ಹೋಯಿತು. ತಂಡ ಸೋತಿತು.

"ನೋಡ್ರಿ, ಟೋಪಿಯವರು ಹೆಂಗ ಬರ್ಕೊಳಾಕತ್ತಾರ!" ರೇವಣಸಿದ್ದಪ್ಪನವರು ಮೀಸೆ ತಿರುವಿದರು. ನಮ್ರತಾಳ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಹಸಿರು ಟೋಪಿಯವರ ಜೊತೆ ಮಾತು ಮುಗಿಸಿ ತಂಡದ ಕೋಚ್ ರಾಬರ್ಟೊ ಬಂದ. ಅವನ ಮುಖ ಸಪ್ಪಗಿತ್ತು.

ಕಾಲೇಜಿನವರು ಬೆಳಿಗ್ಗೆಯೇ ಆಶ್ರಿತಾಳನ್ನು ಆರಿಸಿಬಿಟ್ಟಿದ್ದರಂತೆ! ಹಾರಿ ಚೆಂಡು ಹಿಡಿಯುವ ಕೀಪರುಗಳು ಅವರ ಬಳಿ ಆಗಲೇ ಮೂವರಿದ್ದಾರೆ. ಅವರು ಹುಡುಕುತ್ತಿದ್ದದ್ದು, ಹಿಂದೆ ನಿಂತು ಕೂಗಿ ಕೂಗಿ ಡಿಫೆಂಡರುಗಳನ್ನು ನಡೆಸಿ, ಚೆಂಡು ಹತ್ತಿರವೇ ಬಾರದಂತೆ ನೋಡಿಕೊಳ್ಳುವವಳನ್ನು. ಮಧ್ಯಾಹ್ನದ ಮ್ಯಾಚಿಗೆ ಸುಮ್ಮನೆ ಖುಷಿಗೆಂದು ಉಳಿದಿದ್ದರು.

"ಈಗ ಹೆಸರಿನ ಪಕ್ಕದಲ್ಲಿ ಪ್ರಶ್ನೆಯ ಗುರುತು ಹಾಕಿದ್ದಾರೆ," ಅಂದ ರಾಬರ್ಟೊ ಇಂಗ್ಲಿಷಿನಲ್ಲಿ. "ಇವಳ ಮಾತನ್ನು ಡಿಫೆಂಡರುಗಳು ಕೇಳುವುದೇ ಇಲ್ಲವಲ್ಲ, ಅಂತ. ಮುಂದಿನ ತಿಂಗಳು ಲಾಸ್ ಏಂಜಲೀಸಿನಲ್ಲಿ ಇನ್ನೊಮ್ಮೆ ನೋಡುತ್ತಾರಂತೆ. ಆ ನಾಲ್ವರಿಗೂ ಇವತ್ತು ಏನಾಗಿತ್ತೋ, ದೇವರೇ ಬಲ್ಲ!"

ನಮ್ರತಾ ನೆಲ ನೋಡಿದಳು. ಆಶ್ರಿತಾ ಕುಂಟುತ್ತ ಬಂದು ಅಮ್ಮನ ಭುಜಕ್ಕೆ ಒರಗಿದಳು. ಗಂಟಲು ಪೂರ್ತಿ ಕಟ್ಟಿತ್ತು.

"ಅಮ್ಮಾ, ಐ ಶೌಟೆಡ್ ಸೋ ಮಚ್. ನೋಬಡಿ ಮೂವ್ಡ್!"

"ತಪ್ಪು ನಿಂದಲ್ಲ ಕಂದಾ," ಎಂದು ನಮ್ರತಾ ಅವಳ ಮೂಗು ಸವರಿದಳು. ಅದಕ್ಕಿಂತ ಹೆಚ್ಚು ಹೇಳುವ ಧೈರ್ಯವಾಗಲಿಲ್ಲ.

ರೇವಣಸಿದ್ದಪ್ಪನವರು ಫೋನ್ ತೆಗೆದರು.

"ಚಿಂತಿ ಮಾಡಬ್ಯಾಡ್ರಿ ತಂಗಿ. ನಾವು ಬಡಿಸಿದ್ದು ಬರೋಬ್ಬರಿ ಐತಿ, ಪಂಕ್ತಿ ತಪ್ಪೇತಿ ಅಷ್ಟ. ಮುಂದಿನ ತಿಂಗಳು ಎದುರಿನ ಟೀಮಿನವರನ್ನ ಊಟಕ್ಕ ಕೂಡಸೂಣು. ಹಲೋ, ಚೆನ್ನಮ್ಮಾ? ನೂರು ಹೋಳಿಗಿ ಅಂತ ಬರ್ಕೊ."